ತಿದಿ ನಿಂತ ಸಂಜೆ

ಹಜಾರದಲ್ಲಿ ಹಾರ್ಮೋನಿಯಂ ನಿಂತಿತು. ಅಡುಗೆಮನೆಯಲ್ಲಿ ನಾನು ನಕ್ಕೆ. ಪಾಪ, ಇವತ್ತೂ ನಾಗರಾಜು ಸಿಕ್ಕಿಬಿದ್ದ.

ನಮ್ಮ ಯಜಮಾನರು ಗುಂಡ್ಲುಪೇಟೆ ಸುತ್ತಿನ ಹಳ್ಳಿಗಳಿಗೆಲ್ಲ ನಾಟಕದ ಮೇಷ್ಟ್ರು. ಹಾಡು ಕಲಿಸುವವರೂ ಅವರೇ, ಪರದೆಯ ಮೇಲೆ ಅರಮನೆ, ಕಾಡು ಬರೆಯುವವರೂ ಅವರೇ. ಯಾರನ್ನೂ ಬೈದವರಲ್ಲ. ಹಾಡುವವನು ಶ್ರುತಿ ತಪ್ಪಿದರೆ ಅವರ ಎಡಗೈ ಹಾರ್ಮೋನಿಯಂಗೆ ಗಾಳಿ ತುಂಬುವ ತಿದಿ ಒತ್ತುವುದನ್ನು ನಿಲ್ಲಿಸುತ್ತಿತ್ತು, ಅಷ್ಟೇ. ಅವನು ತೆಪ್ಪಗೆ ಮೊದಲಿಂದ ಶುರು ಮಾಡಬೇಕು.

ನಾಗರಾಜು ಈರುಳ್ಳಿ ಮಂಡಿಯಲ್ಲಿ ಲಾರಿಗೆ ಮೂಟೆ ತುಂಬುವವನು. ನಾಟಕದಲ್ಲಿ ರಾಜ. ಅಂದು ಅವನು ಮೊದಲಿಂದ ಹಾಡಿದ. ತಿದಿ ಆಡಲಿಲ್ಲ. ಮತ್ತೆ ಹಾಡಿದ. ಮತ್ತೆ. ನನಗೇ ತಡೆಯಲಾರದೆ ಹೊರಗೆ ಬಂದೆ.

ಅವರ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು.

ಚಾಮರಾಜನಗರದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ ಸ್ಟ್ರೋಕ್ ಎಂದರು. "ಎಡಗೈ ಮೊದಲಿನ ಹಾಗಾಗೋದು ಕಷ್ಟ ಅಮ್ಮ. ಫಿಸಿಯೋಥೆರಪಿ ಬಿಡಬೇಡಿ" ಎಂದರು ಡಾಕ್ಟರ್. ಬಲಗೈ ಉಳಿಯಿತಲ್ಲ ಎಂದು ನೆಂಟರು ಸಮಾಧಾನ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಗಾಳಿಯೇ ಇಲ್ಲದ ಪೆಟ್ಟಿಗೆಯ ಮೇಲೆ ಬಲಗೈ ಎಷ್ಟು ಓಡಾಡಿದರೇನು?

ಮಾತು ತೊದಲಾಯಿತು. ಗಂಜಿ ಕುಡಿಸಿದರೆ ಎಡಗಡೆಯಿಂದ ಸೋರುತ್ತದೆ. ಒರೆಸಲು ಹೋದರೆ ಮುಖ ಗೋಡೆಗೆ ತಿರುಗಿಸಿ ಅಳುತ್ತಾರೆ. ನಾನು ಹಿತ್ತಿಲಿಗೆ ಹೋಗಿ ಅಳುತ್ತೇನೆ.

ಶಾಲು ಹೊದಿಸಿ ಸನ್ಮಾನ ಮಾಡುತ್ತೇವೆಂದು ಊರವರು ಬಂದರು. ಯಜಮಾನರು ಬೇಡವೆಂದು ತಲೆಯಾಡಿಸಿ ಹಾರ್ಮೋನಿಯಂ ಕಡೆಗೆ ಬೆರಳು ತೋರಿಸಿದರು.

ಮಾರನೆಯ ದಿನ ನಾನೇ ಎದುರು ಕೂತು ತಿದಿ ಒತ್ತಿದೆ. ಧೂಳು ಹೊಡೆಯಲೂ ನನ್ನನ್ನು ಬಿಡದಿದ್ದ ಪೆಟ್ಟಿಗೆ ಅದು! ನಾನು ಜೋರಾಗಿ ಒತ್ತಿದರೆ ಅರಚುತ್ತಿತ್ತು, ಮೆಲ್ಲಗೆ ಒತ್ತಿದರೆ ನರಳುತ್ತಿತ್ತು. ಅವರು ಸಹಿಸಿಕೊಂಡರು.

ನಾಗರಾಜು ಮಾತ್ರ ನಮ್ಮ ಮನೆ ಕಡೆ ತಲೆ ಹಾಕಿರಲಿಲ್ಲ. ಮಂಡಿಗೇ ಹೋಗಿ ಹಿಡಿದೆ.

"ನಾ ಬಿರ್ನೆ ಮೊಕ ನೋಡ್ಬುಟ್ಟಿದ್ರ ಮೇಷ್ಟ್ರು ಹಿಂಗಾಯ್ತಿರ್ನಿಲ್ಲ ಕಣವ್ವ. ತಪ್ಪು ನಂದೇ ಅನ್ಕೊಂಡು ಹಾಡ್ತಾನೇ ಇದ್ದೆ."

"ಸುಮ್ನಿರ್ಲಾ. ಒಳಗ ನಾನೂ ನಗ್ತಾನೇ ಇದ್ದೆ. ಮನಗ ಬಂದು ಹಾಡು."

ನಿನ್ನೆ ಬಂದ. ಅವರ ಮುಖ ನೋಡದೆ ಹಾಡತೊಡಗಿದ. ಶ್ರುತಿ ತಪ್ಪಿದರೆ ನನಗೇನು ತಿಳಿಯುತ್ತದೆ, ಒತ್ತುತ್ತಲೇ ಇದ್ದೆ. ಅವರ ಬಲಗೈ ಕೀಗಳನ್ನು ಬಿಟ್ಟು ಬಂದು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿಯಿತು.

ತಿದಿ ನಿಂತಿತು.

ನಾಗರಾಜು ಬೆಚ್ಚಿ ಅವರ ಮುಖ ನೋಡಿದ. ಅರ್ಧ ಬಾಯಲ್ಲಿ ಅವರು ನಗುತ್ತಿದ್ದರು. ಅವನು ಟವೆಲಿನಲ್ಲಿ ಕಣ್ಣೊರೆಸಿಕೊಂಡು ಮೊದಲಿಂದ ಶುರು ಮಾಡಿದ.