ಗ್ಯಾಸ್ ಹಚ್ಚದ ಕಾವಲಿ

ಪಾರ್ಶ್ವವಾಯುವಿನಿಂದ ಬಲಗೈ ಸೋತ ಅಪ್ಪನಿಗೆ ದಿನದ ಕೆಲಸಗಳನ್ನು ಮತ್ತೆ ಕಲಿಸಲು ನಮ್ಮ ಘಣಸೋಲಿಯ ಮನೆಗೆ ಬರುತ್ತಿದ್ದ ಥೆರಪಿಸ್ಟ್, ಮೊದಲ ದಿನ ಅವರ ಕೈಯನ್ನು ಮುಟ್ಟಲೇ ಇಲ್ಲ. ಬಾತ್‌ರೂಮಿನ ಸ್ಟೂಲನ್ನು ಗೇಣು ಹಾಕಿ ಅಳೆದರು. ಅಡುಗೆಮನೆಯ ಡಬ್ಬಿಗಳ ಮುಚ್ಚಳ ತಿರುಗಿಸಿ ನೋಡಿದರು. ಇವರೇನು ಹುಡುಕುತ್ತಿದ್ದಾರೆಂದು ನಾನು ಅವರ ಹಿಂದೆಯೇ ಸುತ್ತಿದೆ.

ಅಮ್ಮ ಅಪ್ಪನಿಗೆ ತುತ್ತು ಕೊಡಲು ಹೋದಾಗಲೆಲ್ಲ, ಹುಬ್ಬಳ್ಳಿ ಕಡೆಯ ಆ ಥೆರಪಿಸ್ಟರದು ಒಂದೇ ಮಾತು: "ತಡೀರಿ, ಅವರೇ ಮಾಡ್ಲಿ."

"ನಾವು ಹೋಟೆಲಿನವರು. ತಟ್ಟೆ ಮುಂದೆ ಕೂತವರಿಗೆ ಬಡಿಸದೆ ಇರೋದು ಹೇಗೆ?" ಎಂದು ಅಮ್ಮ ಮುನಿಸಿಕೊಳ್ಳುತ್ತಿದ್ದಳು.

ಅಪ್ಪ ನೌಪಾಡಾದ ಹೋಟೆಲಿನಲ್ಲಿ ವರ್ಷಗಟ್ಟಲೆ ದೋಸೆ ಹೊಯ್ದವರು. ಅದು ತಿಳಿದ ಮೇಲೆ ಥೆರಪಿಸ್ಟ್ ಒಂದು ದಿನ ತಣ್ಣಗಿನ ಕಾವಲಿಯನ್ನು ಅಪ್ಪನ ಮುಂದೆ ಮೇಜಿನ ಮೇಲಿಟ್ಟರು. ಹಿಟ್ಟು ಸುರಿದು, ಬಟ್ಟಲಿನ ತಳದಿಂದ ಅದನ್ನು ಅಡ್ಡಾದಿಡ್ಡಿ ಎಳೆಯತೊಡಗಿದರು. ಅಪ್ಪ ಸ್ವಲ್ಪ ಹೊತ್ತು ಸಹಿಸಿಕೊಂಡರು. ಆಮೇಲೆ ಅವರ ಬಲಗೈ ತಡವರಿಸುತ್ತ ಬಂದು ಬಟ್ಟಲು ಹಿಡಿಯಿತು.

"ನಡುವಿನಿಂದ," ಎಂದರು.

ಬಟ್ಟಲು ನಡುಗಿತು. ಅಮ್ಮನ ಕೈ ಮುಂದೆ ಹೋಯಿತು.

"ತಡೀರಿ."

ಸುತ್ತು ಸೊಟ್ಟಗಾದರೂ ಪೂರ್ತಿಯಾಯಿತು.

ಥೆರಪಿಸ್ಟ್ ಹೊರಡುವಾಗ ನಾನು ಕೇಳಿದೆ: "ನಿಮಗೆ ನಿಜವಾಗಿಯೂ ದೋಸೆ ಹೊಯ್ಯಲಿಕ್ಕೆ ಬರುವುದಿಲ್ವಾ?"

"ಇವತ್ತು ಬರ್ಲಿಲ್ಲರಿ," ಎಂದು ಚಪ್ಪಲಿ ಮೆಟ್ಟಿದರು.

ಅಂದು ಮಧ್ಯಾಹ್ನ ಅಮ್ಮ ಸಾರಿನ ಸೌಟನ್ನು ಅಪ್ಪನ ಬಲಕ್ಕಿಟ್ಟು, ತನ್ನೆರಡೂ ಕೈಗಳನ್ನು ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಂಡು ಕೂತಳು.