ಒಂದು ಬಡಿದರೆ ಹೂಂ

ನಮ್ಮ ಮನೆಯವರು ಮನೆಯಲ್ಲಿ ಮಾತಾಡುವವರೇ ಅಲ್ಲ. ಬುಧಗಾಂವದ ಮನೆಯ ಪಡಸಾಲೆಯಲ್ಲಿ ಅತ್ತೆ, ಭಾವ, ನೆಗೆಣ್ಣಿ ಎಲ್ಲರೂ ಇರುತ್ತಾರೆ. ಅವರೆದುರು ಹೆಂಡತಿಯಾದ ನನ್ನ ಜೊತೆ ಎರಡು ಮಾತಾಡಿದರೆ ಮಾನ ಹೋದಂತೆ ಎಂದು ಇವರ ನಂಬಿಕೆ. ಇವರು ಬಾಯಿ ಬಿಡುತ್ತಿದ್ದದ್ದು ಮಿರಜದ ಒಂದು ದೊಡ್ಡ ಲಾಂಡ್ರಿಯ ಮಾಳಿಗೆಯ ಮೇಲೆ, ಅದೂ ತಗಡಿನ ಕೊಳವೆಯೊಳಗೆ.

ಆ ಲಾಂಡ್ರಿಗೆ ಆಸ್ಪತ್ರೆಗಳ ಚಾದರ, ಕಂಬಳಿ ಬರುತ್ತವೆ. ಬಟ್ಟೆ ಒಣಗಿಸುವ ಮಶೀನು ಒಂದೊಂದೂ ನಮ್ಮ ಅಡುಗೆಮನೆಯಷ್ಟಿದೆ. ಅದರ ಬಿಸಿಗಾಳಿ ಹೊರಹೋಗುವ ಕೊಳವೆ ನೆಟ್ಟಗೆ ಮಾಳಿಗೆಗೆ ಏರುತ್ತದೆ. ಬಟ್ಟೆಯಿಂದ ಉದುರಿದ ಅರಳೆಯಂಥ ಜುಂಗು ಒಳಗೆ ಕಟ್ಟಿಕೊಂಡರೆ ಬಟ್ಟೆ ಒಣಗುವುದಿಲ್ಲ. ಒಂದು ಕಿಡಿ ಬಿದ್ದರಂತೂ ಕತೆ ಮುಗಿಯಿತು. ಅದನ್ನು ಊದಿ ತೆಗೆಯುವುದೇ ನಮ್ಮಿಬ್ಬರ ಕೆಲಸ. ಮಶೀನು ಬಂದ್ ಮಾಡಿಸಿ, ಕೊಳವೆಯ ಕೆಳಬಾಯಿ ಬಿಚ್ಚಿ, ಕಂಪ್ರೆಸರಿನ ಪೈಪು ಒಳಗೆ ತೂರಿಸಿ ಗಾಳಿ ಬಿಡುವವಳು ನಾನು. ಮೇಲ್ಬಾಯಿಗೆ ಚೀಲ ಕಟ್ಟಿ ಜುಂಗು ಹಿಡಿಯುವವರು ಅವರು.

“ಬಿಡು” ಎಂದು ಮೇಲಿಂದ ಕೂಗಿದರೆ ಗಾಳಿ, “ಸಾಕು” ಎಂದರೆ ಬಂದ್. ಆಮೇಲೆ ಚೀಲ ಬಿಚ್ಚಿ, ಕೊಳವೆಗೆ ಮುಖವಿಟ್ಟು ತಪ್ಪದೆ ಕೇಳುತ್ತಿದ್ದರು: “ಏ, ಉಂಡೀಯೇನ?” ಒಮ್ಮೆ, “ನಿನ್ನಿ ಉಟ್ಟಿದ್ದಿಯಲ್ಲಾ, ಆ ಹಸರ ಸೀರಿ, ಛಲೋ ಕಾಣತಿತ್ತ” ಎಂದೂ ಹೇಳಿದ್ದರು. ಕೆಳಗೆ ಚಾದರ ಮಡಚುವ ಹೆಂಗಸರೆಲ್ಲ ಮರಾಠಿಯವರು, ತಿಳಿಯುವುದಿಲ್ಲ ಎಂಬ ಧೈರ್ಯ. ಅವರಲ್ಲಿ ಎಲ್ಲರೂ ಮಾವಶಿ ಎಂದು ಕರೆಯುವ ಲಿಂಗನೂರಿನ ಹಿರಿಯ ಹೆಂಗಸಿಗೆ ಕನ್ನಡ ಚೆನ್ನಾಗಿ ಬರುತ್ತದೆಂದು ನಾನು ಇವರಿಗೆ ಹೇಳಲೇ ಇಲ್ಲ. ಹೇಳಿದ್ದರೆ ಅಲ್ಲೂ ಬಾಯಿಗೆ ಬೀಗ ಬೀಳುತ್ತಿತ್ತು.

ಮಾವಶಿ ಮುಸಿಮುಸಿ ನಗುವುದು ಕಂಡು ನನಗೆ ಉತ್ತರ ಕೊಡಲು ನಾಚಿಕೆ. ನಟ್ಟು ಬಿಚ್ಚುವ ಪಾನಾದಿಂದ ತಗಡಿಗೆ ಒಂದು ಬಡಿಯುತ್ತಿದ್ದೆ. ಹೂಂ ಎಂದು ಅರ್ಥ. ಉಂಡಿರದಿದ್ದರೂ ಬಡಿಯುತ್ತಿದ್ದೆ, ಅವರನ್ನು ಬಿಟ್ಟು ಎಂದೂ ಉಂಡವಳಲ್ಲ ನಾನು.

ಹೋದ ವರ್ಷ ಅವರ ಗಂಟಲಿನ ಗಡ್ಡೆ ತೆಗೆಸಿದೆವು. ದನಿ ಹೋದರೂ ಹೋಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಾಗೇ ಆಯಿತು. ಈಗ ಕಿವಿ ತಾಗಿಸಿದರೆ ಕೇಳುವಷ್ಟು ಪಿಸುಮಾತು, ಅಷ್ಟೇ. ಜೀವ ಉಳಿದದ್ದು ಸಾಲದೇನು ಎನ್ನುತ್ತಾರೆ ಅತ್ತೆ. ಅದು ನನಗೂ ಗೊತ್ತು. ಆದರೂ ನನಗೆ ಆ ದನಿ ಬೇಕು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ನನಗೆ ಆ ಬೆಳ್ಳಿಯೇ ಸಾಕಿತ್ತು. ಎದುರಿಗೇ ಕೂತ ಗಂಡನಿಗಾಗಿ ಹಂಬಲಿಸುತ್ತೇನೆ ಎಂದರೆ ಜನ ನಕ್ಕಾರು.

ಆಪರೇಶನ್ ಆದಮೇಲೆ ಮೊನ್ನೆ ಮೊದಲ ಸಲ ಕೆಲಸಕ್ಕೆ ಹೋದೆವು. ಈಗ ಬಡಿಯುವ ಸರದಿ ಅವರದು: ಎರಡು ಬಡಿದರೆ ಗಾಳಿ, ಮೂರು ಬಡಿದರೆ ಬಂದ್. ಮೂರು ಕೇಳಿಸಿತು, ಗಾಳಿ ನಿಲ್ಲಿಸಿದೆ. ಬಗ್ಗಿ ನೋಡಿದರೆ ಕೊಳವೆಯ ತುದಿಯ ಬೆಳಕಿಗೆ ಅವರ ತಲೆ ಅಡ್ಡವಾಗಿತ್ತು. ಹಳೆಯ ರೂಢಿಯಂತೆ ಚೀಲ ಬಿಚ್ಚಿ ಮುಖವಿಟ್ಟಿದ್ದರು. ದನಿ ಮಾತ್ರ ಇಲ್ಲ.

ಮಾವಶಿ ಮಡಚುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ನೋಡಲಿ ಬಿಡು ಎಂದುಕೊಂಡು ಕೊಳವೆಗೆ ಬಾಯಿಟ್ಟು ಕೂಗಿದೆ: “ಕೇಳತೈತೇನ್ರಿ? ಉಂಡೀರೇನ್ರಿ?”

ಮೇಲಿಂದ ಒಂದೇ ಒಂದು ಬಡಿತ.

ಅವರ ಗಂಜಿಯ ಡಬ್ಬಿ ಕೆಳಗೆ ನನ್ನ ಚೀಲದಲ್ಲೇ ಇತ್ತು, ಮುಚ್ಚಳ ಕೂಡ ತೆಗೆದಿರಲಿಲ್ಲ.