ಶಾಮಿಯಾನದ ಮುಬಷೀರ್ ಮೈಕ್ ಹಿಡಿದ ದಿನ

ಏಯ್, ಯಾರ್ಲಾ ಅಲ್ಲಿ ಟೀ ಅಂಗ್ಡಿ ಮುಂದೆ ನಿಂತಿರೋರು, ಈ ಕಡೆ ಬನ್ರಪ್ಪ. ಕಲ್ಕುಣಿಕೆಯೋರೆ, ಪಿರಿಯಾಪಟ್ಣದೋರೆ, ಮಿರ್ಲೆ ಕಡೆ ಇರೋರೆ, ಎಲ್ರೂ ಈ ವಾಯ್ಸ್ ನೋಟಿಗೆ ಕಿವಿ ಕೊಡಿ. ಬಸ್ಸಲ್ಲಿರೋರು ಸ್ಪೀಕರ್ ಆಫ್ ಮಾಡ್ಕಳಿ, ಪಕ್ಕದೋರು ಬೈತಾರೆ. ನಮ್ ಹುಣಸೂರಿನ ಶಾಮಿಯಾನದ ಮುಬಷೀರ್ ಭಾಯ್ ಗೊತ್ತಲ್ಲ, ಅವ್ರ ಕತೆ ಇದು. ಹೋದ ಬುಧವಾರ ನಡ್ದಿದ್ದು.

ನಲವತ್ತೈದು ವರ್ಷದ ಆಸಾಮಿ. ಹತ್ತನೇ ಕ್ಲಾಸಲ್ಲಿ ಗಣಿತ ಕೈಕೊಡ್ತು, ಅವರಪ್ಪ ಅಬ್ದುಲ್ ಖಾದರ್ ಸಾಬ್ರು ಅದೇ ವಾರ ಏಣಿ ಕೈಗೆ ಕೊಟ್ರು. ಅಲ್ಲಿಂದ ಇಲ್ಲೀಗಂಟ ಏಣಿ ಮೇಲೇ ಜೀವ್ನ. ಯಾರ ಮನೇಗೋದ್ರೂ ಮೊದ್ಲು ಮುಖ ನೋಡಲ್ಲ, ಮೇಲೆ ನೋಡ್ತಾರೆ, ಹಗ್ಗ ಎಲ್ಲಿ ಕಟ್ಬೋದು ಅಂತ. ಸಾವಿರಾರು ಕುರ್ಚಿ ಆಕಿರೋ ಮನುಷ್ಯ, ಒಂದು ಫಂಕ್ಷನ್ನಲ್ಲೂ ಅದ್ರ ಮೇಲೆ ಕೂತಿದ್ದು ಕಂಡೋರಿಲ್ಲ. ಊರಲ್ಲಿ ಅವ್ರ ಬಗ್ಗೆ ಒಂದೇ ಮಾತು. ಮುಬಷೀರ್ ಬತ್ತೀನಿ ಅಂದ್ರೆ ಬಂದಂಗೇಯ ಅಂತ. ಅಂಗಡಿ ನಿಂತಿರೋದೇ ಆ ಹೆಸರ ಮೇಲೆ.

ಬುಧವಾರ ಇಲ್ಲಿ ಒಂದು ಡಿಗ್ರಿ ಕಾಲೇಜಲ್ಲಿ ಯೂನಿವರ್ಸಿಟಿಯೋರ ಪ್ರೋಗ್ರಾಂ ಇತ್ತು. ಧರ್ಮ ಸಂಸ್ಕೃತಿ ಸಂವಾದ ಅಂತ ಬ್ಯಾನರ್ ಕಟ್ಟಿದ್ರು. ಅದ್ನ ನಡೆಸೋರು ಶಶಿ ಮೇಡಂ ಅಂತ, ಮೈಸೂರಿನ ಪ್ರೊಫೆಸರ್ರು. ತಾಲ್ಲೂಕು ತಾಲ್ಲೂಕು ಸುತ್ಕಂಡು ಇದೇ ಕೆಲ್ಸ ಮಾಡ್ತಾರೆ. ಅವ್ರದೊಂದು ರೂಲೈತೆ. ಭಾಷಣ ಯಾರದಾದ್ರೂ ಹತ್ತೇ ನಿಮಿಷ. ಆಮೇಲೆ ಜನದ ಮಧ್ಯೆ ಒಂದ್ ಮೈಕ್ ನಿಲ್ಲಿಸ್ತಾರೆ. ಓದೋ ಹುಡ್ಗ ಹುಡ್ಗೀರು ಲೈನಲ್ಲಿ ಬಂದು ಏನ್ ಬೇಕಾದ್ರೂ ಕೇಳ್ಬೋದು. ಸ್ಟೇಜ್ ಮೇಲಿರೋರು ಎದ್ದೋಗಂಗಿಲ್ಲ, ಪ್ರಿನ್ಸಿಪಾಲ್ರು ಮಧ್ಯೆ ಬಾಯ್ ಹಾಕಂಗಿಲ್ಲ.

ಸ್ಟೇಜ್ ಮೇಲೆ ಒಬ್ರು ಸ್ವಾಮಿಗಳು, ಒಬ್ರು ಫಾದರ್ರು, ಒಬ್ರು ಮೌಲ್ವಿಗಳು ಅಂತ ಪಟ್ಟಿ. ಬೆಳಿಗ್ಗೆ ಹತ್ತಕ್ಕೆ ಮೌಲ್ವಿಗಳ ಫೋನು, ಜ್ವರ ಬಂದ್ಬುಟ್ಟೈತೆ ಅಂತ. ಮೇಡಂ ಸುತ್ತ ನೋಡಿದ್ರು. ಏಣಿ ಮೇಲೆ ನಮ್ ಭಾಯ್.

"ಮುಬಷೀರ್ ಅವ್ರೆ, ಸ್ವಲ್ಪ ಇಳೀರಿ."

"ಯಾಕ್ ಮೇಡಂ, ಬಟ್ಟೆ ಜೋತಾಡ್ತೈತಾ?"

"ಬಟ್ಟೆ ಸರಿ ಇದೆ. ನೀವು ಸ್ಟೇಜ್ ಮೇಲೆ ಕೂರ್ಬೇಕು."

"ಮೇಡಂ, ನಂಗೆ ಐದೊತ್ತು ನಮಾಜ್ ಬುಟ್ರೆ ಏನೂ ಗೊತ್ತಿಲ್ಲ. ಅದ್ರಲ್ಲೂ ಎರಡು ತಪ್ಪೋಯ್ತವೆ."

"ಗೊತ್ತಿರೋದನ್ನೇ ಹೇಳಿ, ಸಾಕು."

ಕೆಳಗೆ ಏಣಿ ಹಿಡ್ಕಂಡಿದ್ದ ಹುಚ್ಚಯ್ಯ, ಭಾಯ್ ಗೂಡ್ಸ್ ಗಾಡಿ ಓಡ್ಸೋನು, ಸುಮ್ಕಿರ್ತಾನಾ. "ಹೋಗಿ ಸಾಬ್ರೆ. ನಮ್ ಕುರ್ಚಿ ಗಟ್ಟಿ ಅವಾ ಇಲ್ವಾ ಅಂತ ನೀವೂ ಒಂದ್ಸಲ ನೋಡ್ಬುಡಿ."

ಹೋದ್ರು, ಕೂತ್ರು. ಕೂತು ತಲೆ ಎತ್ತಿದ್ರೆ ಮೂರನೇ ಸಾಲಲ್ಲಿ ಚಂದ್ರಿಕಾ. ಭಾಯ್ ಕುರ್ಚೀನ ಒಂದ್ ಗೇಣು ಹಿಂದಕ್ಕೆ ಎಳ್ಕಂಡ್ರು.

ಯಾಕೆ ಅಂತೀರಾ? ಈ ಚಂದ್ರಿಕಾ ಎಚ್.ಡಿ. ಕೋಟೆ ಕಡೆ ಕಾಡೊಳಗಿರೋ ಜೇನುಕುರುಬರ ಹಾಡಿ ಹುಡ್ಗಿ, ಇಲ್ಲೇ ಹಾಸ್ಟೆಲ್ಲಲ್ಲಿದ್ದು ಫೈನಲ್ ಇಯರ್ ಓದ್ತಾವ್ಳೆ. ಎರಡು ವರ್ಷದ ಹಿಂದೆ ಅವ್ಳ ಅಪ್ಪ ಜೋಗಯ್ಯ ಇವ್ಳನ್ನೂ ಕರ್ಕೊಂಡು ಭಾಯ್ ಅಂಗ್ಡಿಗೆ ಬಂದಿದ್ರು. ದೊಡ್ಮಗಳ ಮದ್ವೆ, ಹಾಡೀಲಿ ಶಾಮಿಯಾನ ಆಕ್ಬೇಕು ಅಂತ. ಭಾಯ್ "ಬತ್ತೀನಿ" ಅಂದ್ರು. ಮದ್ವೆ ಹಿಂದಿನ ದಿನ ಗಾಡಿ ತುಂಬ್ಕಂಡು ಹೊರಟ್ರು ಕೂಡ. ಫಾರೆಸ್ಟ್ ಗೇಟ್ ದಾಟಿ ಒಂದು ಫರ್ಲಾಂಗ್ ಹೋದ್ರೆ ರಸ್ತೆ ಮೇಲೆ ಆನೆ ಲದ್ದಿ, ಇನ್ನೂ ಹಬೆ ಆಡ್ತಾ ಇತ್ತು. ಆರು ಗಂಟೆಗೆ ಗೇಟ್ ಹಾಕ್ತಾರೆ, ಒಳಗೆ ಸಿಕ್ಕಾಕ್ಕಂಡ್ರೆ ಗತಿ ಏನು ಅಂತ ಹೆದ್ರಿದ್ರು. "ತಿರುಗ್ಸು ಹುಚ್ಚಯ್ಯ" ಅಂದ್ರು. ದಾರೀಲಿ ಜೋಗಯ್ಯನ ಫೋನ್ ಬಂತು, ಎತ್ಲಿಲ್ಲ. ಮತ್ತೆ ಬಂತು, ಆಫ್ ಮಾಡ್ಬುಟ್ರು. ಹಾಡಿಯೋರು ತಾನೆ, ಬಯಲಲ್ಲೇ ಮಾಡ್ಕತಾರೆ ಬುಡು ಅಂತ ಮನಸ್ಸಿಗೆ ಹೇಳ್ಕಂಡ್ರು. ಅದಾದ್ಮೇಲೆ ಸಂತೇಲಿ ಜೋಗಯ್ಯ ಕಂಡು ಇವ್ರ ಕಡೆ ಬಿರಬಿರ ಬಂದ್ರೆ, ಇವ್ರು ಈರುಳ್ಳಿ ಲಾರಿ ಹಿಂದೆ ಅಡಗಿದ್ರು. ಬತ್ತೀನಿ ಅಂದು ಹೋಗ್ದೇ ಇದ್ದಿದ್ದು ಇಡೀ ಜೀವ್ನದಲ್ಲಿ ಅದೊಂದೇ. ಯಾಕೆ ಹೋಗ್ಲಿಲ್ಲ ಅನ್ನೋದು ಹುಚ್ಚಯ್ಯನ ಬುಟ್ರೆ ಯಾರ್ಗೂ ಗೊತ್ತಿಲ್ಲ ಅಂದ್ಕಂಡಿದ್ರು.

ಈಗ ಆ ಹುಡ್ಗಿ ಎದುರಿಗೆ. ಭಾಯ್ ಕೈಗೆ ಒಂದೇ ಕೆಲ್ಸ. ಕರ್ಚೀಫ್ ತೆಗೆಯೋದು, ಮಡಚೋದು, ಜೇಬಿಗೆ ಇಡೋದು, ಮತ್ತೆ ತೆಗೆಯೋದು. ಫಾದರ್ರು ಮಾತಾಡಿದ್ರು, ಸ್ವಾಮಿಗಳು ಮಾತಾಡಿದ್ರು, ಒಂದಕ್ಷರ ಕಿವಿಗೆ ಬೀಳ್ಲಿಲ್ಲ.

ಮೈಕ್ ಇವ್ರ ಕೈಗೆ ಬಂತು.

"ನಂಗೆ ಧರ್ಮದ ವಿಚಾರ ಗೊತ್ತಿಲ್ಲ. ಬಟ್ಟೆ ವಿಚಾರ ಹೇಳ್ತೀನಿ. ಗೌಡ್ರ ಮನೆ ಬೀಗ್ರೂಟಕ್ಕೆ ಟೇಬಲ್ ಉದ್ದಕ್ಕಿರ್ಬೇಕು. ನಮ್ ನಿಕಾಕ್ಕೆ ಮಧ್ಯೆ ಪರದೆ ಬೇಕು. ಚರ್ಚ್ ಹಬ್ಬಕ್ಕೆ ಬಿಳೀದು. ಗಣಪತಿ ಕೂರ್ಸೋ ಹುಡುಗ್ರಿಗೆ ಎಷ್ಟ್ ಎತ್ರ ಕಟ್ಟಿದ್ರೂ ಸಾಲಲ್ಲ. ಎಲ್ರದೂ ಬೇರೆ ಬೇರೇನೆ. ಆದ್ರೆ ಮದ್ವೆಗೆ ಬುಕ್ ಮಾಡಕ್ಕೆ ಬರೋರು ಯಾವ ಜಾತಿಯೋರಾಗ್ಲಿ, ಕೊನೇಗೆ ಹತ್ರ ಬಂದು ಮೆಲ್ಲಗೆ ಒಂದ್ ಮಾತು ಕೇಳೇ ಕೇಳ್ತಾರೆ. ಭಾಯ್, ಇದು ಸಾವಿನ ಮನೇಗೆ ಹೋಗಿದ್ ಬಟ್ಟೆ ಅಲ್ವಲ್ಲ ಅಂತ."

ಹೋ ಅಂತ ನಗು. ಸ್ವಾಮಿಗಳೂ ನಕ್ರು. ನಗು ಕೇಳಿ ಭಾಯ್‌ಗೆ ಉಮೇದು ಬಂತು ನೋಡಿ, ಅಲ್ಲೇ ಎಡವಟ್ಟಾಗಿದ್ದು. "ನಂಗೆ ಆ ಮನೆ ಈ ಮನೆ ಅಂತಿಲ್ಲ. ಈ ನಾಕು ತಾಲ್ಲೂಕಲ್ಲಿ ಕರೆದ್ ಮನೇಗೆಲ್ಲ ಹೋಗಿವ್ನಿ. ಒಂದೂ ಬುಟ್ಟಿಲ್ಲ" ಅಂದ್ಬುಟ್ರು. ಚಪ್ಪಾಳೆ ಬಿತ್ತು. ಮೂರನೇ ಸಾಲಲ್ಲಿ ಒಬ್ಳು ಮಾತ್ರ ತಟ್ಲಿಲ್ಲ. ಎದ್ದು ಬಂದು ಮೈಕಿನ ಲೈನಲ್ಲಿ ನಿಂತ್ಕಂಡ್ಳು. ನಾಲ್ಕನೇವ್ಳು.

ಭಾಯ್ ಎಣಿಸ್ತಾ ಕೂತ್ರು. ಮೊದಲ್ನೇ ಹುಡ್ಗ ಫಾದರ್‌ನ ಏನೋ ಕೇಳ್ದ. ಎರಡನೇವ್ಳು ಸ್ವಾಮಿಗಳ್ನ, "ಬುದ್ಧೀ, ನಿಮ್ ಮಠದಲ್ಲಿ ಊಟಕ್ಕೆ ಎರಡು ಪಂಕ್ತಿ ಯಾಕೆ?" ಅಂದ್ಬುಟ್ಳು. ಪ್ರಿನ್ಸಿಪಾಲ್ರು ಎದ್ದ್ರು. ಶಶಿ ಮೇಡಂ ಕೈ ಅಡ್ಡ ಮಾಡಿದ್ರು, ಪ್ರಿನ್ಸಿಪಾಲ್ರು ವಾಪಸ್ ಕೂತ್ಕಂಡ್ರು. ಸ್ವಾಮಿಗಳು ನೀರು ಕುಡಿದು, "ಅದು ತಪ್ಪು. ನಿಲ್ಸಕ್ಕೆ ನೋಡಿದೆ, ಆಗ್ಲಿಲ್ಲ. ಇನ್ನೂ ನೋಡ್ತಾ ಇದೀನಿ" ಅಂದ್ರು. ಮೂರನೇವ್ನ ಪ್ರಶ್ನೆ ಯಾವಾಗ ಮುಗೀತೋ ಭಾಯ್‌ಗೆ ಗೊತ್ತೇ ಆಗ್ಲಿಲ್ಲ.

"ಸಾಬ್ರೆ, ಕರೆದ್ ಮನೇಗೆಲ್ಲ ಹೋಗಿದೀನಿ ಅಂದ್ರಿ. ನಮ್ಮಕ್ಕನ ಮದ್ವೆಗೆ ನಮ್ ಹಾಡಿಗೆ ಯಾಕ್ ಬರ್ಲಿಲ್ಲ?"

ಅವ್ಳ ದನಿ ಏರ್ಲಿಲ್ಲ. ಟಿಕೆಟ್ ಎಷ್ಟು ಅಂತ ಕಂಡಕ್ಟರ್‌ನ ಕೇಳ್ದಂಗೆ ಕೇಳಿದ್ಳು. ಸ್ಟೇಜ್ ಪಕ್ಕದಲ್ಲಿ ಹುಚ್ಚಯ್ಯ ನೆಲ ನೋಡ್ತಿದ್ದ.

"ಪಂಚರ್ ಆಗಿತ್ತಮ್ಮ" ಅಂದ್ರು ಭಾಯ್. "ಗಾಡಿ ಪಂಚರ್. ಸ್ಟೆಪ್ನಿನೂ ಇರ್ಲಿಲ್ಲ."

"ಸರಿ" ಅಂದ್ಳು ಚಂದ್ರಿಕಾ. ಹೋಗಿ ಕೂತ್ಕಂಡ್ಳು.

ಬಚಾವಾದೆ ಅಂತ ಅನ್ನಿಸ್ಬೇಕಿತ್ತು. ಅನ್ನಿಸ್ಲಿಲ್ಲ. ಊಟಕ್ಕೆ ಕರೆದ್ರು, ಪಲಾವ್ ಹಾಕಿಸ್ಕಂಡ್ರು. ತಟ್ಟೆ ಇಟ್ಟು ಎದ್ದೋಗಿ ಕುರ್ಚಿ ಜೋಡ್ಸಕ್ಕೆ ನಿಂತ್ರು. ಹತ್ತು ಹತ್ತು ಪೇರ್ಸೋರು ಒಂದ್ಸಲ ಹದಿಮೂರು ಪೇರ್ಸಿ ಬೀಳ್ಸಿದ್ರು. ಮೂರನೇ ಸಾಲಿಗೆ ಬಂದ್ರೆ ಚಂದ್ರಿಕಾ ಇನ್ನೂ ಅಲ್ಲೇ ಕೂತವ್ಳೆ.

"ಎದ್ದೇಳವ್ವ, ಕುರ್ಚಿ ಬೇಕು."

"ಅವತ್ತು ಬೀಗ್ರೆಲ್ಲ ಬಿಸ್ಲಲ್ಲಿ ನಿಂತು ಬೈತಿದ್ರೆ ನಮ್ಮಪ್ಪ ಏನಂದ್ರು ಗೊತ್ತಾ ಸಾಬ್ರೆ? ಆ ಮನುಷ್ಯ ಸುಮ್ ಸುಮ್ನೆ ಬರ್ದೇ ಇರೋರಲ್ಲ, ದಾರೀಲಿ ಏನೋ ಆಗೋಗೈತೆ ಅಂದ್ರು. ಮದ್ವೆ ಮುಗಿದ್ಮೇಲೆ ಗೇಟಿನವರ್ಗೂ ನಡ್ಕೊಂಡ್ ಹೋಗಿ, ಗಾಡಿ ಏನಾದ್ರೂ ಬಿದ್ದೈತಾ ಅಂತ ನೋಡ್ಕೊಂಡ್ ಬಂದ್ರು. ಸಂತೇಲಿ ನಿಮ್ಮನ್ನ ಹುಡುಕ್ತಿದ್ದಿದ್ದೂ ಅದ್ಕೇಯ. ಚೆನ್ನಾಗಿದ್ದೀರಾ ಅಂತ ಕೇಳಕ್ಕೆ."

ಭಾಯ್ ಕೈಯಲ್ಲಿದ್ದ ಕುರ್ಚಿ ಕೆಳಗಿಟ್ರು. "ಪಂಚರ್ ಆಗಿರ್ಲಿಲ್ಲಮ್ಮ."

"ಗೊತ್ತು. ಅವತ್ತು ಡ್ಯೂಟೀಲಿದ್ದ ಗೇಟ್ ಗಾರ್ಡು ಆಮೇಲೆ ನಂಗೆ ಹೇಳ್ದ, ಗಾಡಿ ಬಂದು ವಾಪಸ್ ಹೋಯ್ತು ಅಂತ. ನಾನು ಅಪ್ಪಂಗೆ ಹೇಳಿಲ್ಲ."

"ಆನೆ ಇತ್ತಮ್ಮ. ಹೆದ್ರಿಕೆ ಆಯ್ತು."

"ಬೆಟ್ಟದಪುರದಲ್ಲಿ ದೊಡ್ಡೋರ ಮನೆ ಮದ್ವೆ ಆಗಿದ್ರೆ? ಹೆದ್ರಿಕೆ ಆಯ್ತು ಅಂತ ಒಂದು ಫೋನಾದ್ರೂ ಮಾಡ್ತಿರ್ಲಿಲ್ವಾ?"

ಇದಕ್ಕೆ ಉತ್ರ ಇತ್ತು. ಅದು ಏನು ಅಂತ ಇಬ್ರಿಗೂ ಗೊತ್ತಿತ್ತು. ಭಾಯ್ ಬಗ್ಗಿ ಪಕ್ಕದ ಕುರ್ಚಿ ಎತ್ಕಂಡ್ರು.

"ನನ್ ಹತ್ರ ಹೇಳಿ ಏನುಪಯೋಗ" ಅಂತ ಅವ್ಳು ಎದ್ದು, ತನ್ನ ಕುರ್ಚಿ ತಾನೇ ಪೇರ್ಸಿ, "ಅಪ್ಪ ಬೀಚನಹಳ್ಳೀಲಿ ರೆಸಾರ್ಟ್ ತೋಟದ ಕೆಲ್ಸಕ್ಕೆ ಹೋಯ್ತಾರೆ. ಐದೂವರೆಗೆ ಬಸ್ ಸ್ಟಾಪಲ್ಲಿರ್ತಾರೆ" ಅಂದು ಹಾಸ್ಟೆಲ್ ಕಡೆ ಹೋದ್ಳು.

ಗಾಡೀನ ಹುಚ್ಚಯ್ಯಂಗೆ ಒಪ್ಸಿ ಭಾಯ್ ಬೈಕ್ ಹತ್ತಿದ್ರು. ಕೋಟೆ ದಾಟೋವರ್ಗೂ ಮೂರು ಸಲ ನಿಲ್ಸಿದ್ರಂತೆ. ಒಂದ್ಸಲ ಟೀಗೆ, ಕುಡೀಲಿಲ್ಲ. ಒಂದ್ಸಲ ವಾಪಸ್ ಹೋಗಣ ಅಂತ ಹ್ಯಾಂಡಲ್ ತಿರುಗ್ಸಕ್ಕೆ. ಇನ್ನೊಂದ್ಸಲ ಯಾಕೆ ಅಂತ ಅವ್ರಿಗೇ ಗೊತ್ತಿಲ್ಲ. ಬೀಚನಹಳ್ಳಿ ಸೇರೋ ಹೊತ್ಗೆ ಐದೂಮುಕ್ಕಾಲು. ಬಸ್ಸು ಇನ್ನೂ ಬಂದಿರ್ಲಿಲ್ಲ. ಜೋಗಯ್ಯ ಟವೆಲ್ ಹೆಗ್ಲಿಗಾಕ್ಕಂಡು ಜನದ ಜೊತೆ ನಿಂತಿದ್ರು. ಕಂಡಿದ್ದೇ ಮುಖ ಅರಳ್ತು.

"ಸಾಬ್ರೇ, ಬದುಕಿದ್ದೀರಾ? ಅವತ್ತು ಏನಾಗಿತ್ತು ಮಾರಾಯ್ರೆ ನಿಮ್ಗೆ?"

"ಏನೂ ಆಗಿರ್ಲಿಲ್ಲ ಜೋಗಯ್ಯ. ಗೇಟ್ ದಾಟಿ ಬಂದೆ, ಆನೆಗೆ ಹೆದ್ರಿ ವಾಪಸ್ ಹೋದೆ. ನೀವ್ ಫೋನ್ ಮಾಡಿದ್ರಿ, ಬೇಕಂತ್ಲೇ ಆಫ್ ಮಾಡ್ದೆ."

ಜೋಗಯ್ಯನ ಮುಖದಲ್ಲಿದ್ದ ನಗು ಹಂಗೇ ಇಳೀತು. ಆಮೇಲೆ ಬೈಗುಳ ಶುರುವಾಯ್ತು ನೋಡಿ. ಬಸ್ ಸ್ಟಾಪಲ್ಲಿದ್ದೋರೆಲ್ಲ ತಿರುಗಿದ್ರು. "ಅಲ್ಲ ಕಣ್ರೀ, ಹೆದ್ರಿಕೆ ಅಂತ ಒಂದ್ ಮಾತು ಅಂದಿದ್ರೆ ನಾವೇ ಹತ್ತ್ ಜನ ಗೇಟಿಗೆ ಬತ್ತಿರ್ಲಿಲ್ವಾ? ನಿಮ್ ಗೂಟ, ನಿಮ್ ಬಟ್ಟೆ, ನಿಮ್ನೂ ಹೊತ್ಕಂಡ್ ಹೋಯ್ತಿದ್ವಿ. ನಾವು ದಿನಾ ಆನೆ ಮಧ್ಯೆ ಓಡಾಡಲ್ವಾ? ಬೀಗ್ರ ಮುಂದೆ ನಿಮ್ ಪರ ಮಾತಾಡ್ದೆ ಕಣ್ರೀ ನಾನು. ನನ್ ಬಾಯಿಗೆ ಮಣ್ ಹಾಕುದ್ರಲ್ಲ." ಇನ್ನೂ ಏನೇನೋ ಅಂದ್ರು, ವಾಯ್ಸ್ ನೋಟಲ್ಲಿ ಹೇಳಂಗಿಲ್ಲ. ಭಾಯ್ ಕೈಕಟ್ಟಿ ನಿಂತ್ರು.

ಬಸ್ ಬಂತು. ಜೋಗಯ್ಯ ಫುಟ್‌ಬೋರ್ಡ್ ಹತ್ತಿ ತಿರುಗಿದ್ರು. "ಚಂದ್ರಿಕಾ ಮದ್ವೆಗೆ ನಿಮ್ ಶಾಮಿಯಾನ ಬ್ಯಾಡ. ನೀವ್ ಬನ್ನಿ. ಬಯಲಲ್ಲಿ ಕೂತು ಉಣ್ಣಿ, ಬಿಸ್ಲು ಹೆಂಗಿರ್ತದೆ ಅಂತ ಗೊತ್ತಾಗ್ಲಿ."

ಬಸ್ ಹೋಯ್ತು. ಭಾಯ್ ಅಲ್ಲೇ ಬೈಕಿಗೆ ಒರಗಿ ಫೋನ್ ತೆಗೆದ್ರು. ಫೋಟೋ ಕಳ್ಸಕ್ಕೆ ಅಂತ ಮಧ್ಯಾಹ್ನ ಶಶಿ ಮೇಡಂ ಭಾಯ್‌ನ ಸಂವಾದದ ವಾಟ್ಸಾಪ್ ಗ್ರೂಪಿಗೆ ಸೇರ್ಸಿದ್ರು. ಇನ್ನೂರ ಚಿಲ್ಲರೆ ಹುಡ್ಗ ಹುಡ್ಗೀರು, ಸ್ವಾಮಿಗಳು, ಫಾದರ್ರು ಎಲ್ಲ ಅದ್ರಲ್ಲಿದ್ರು. ಮೈಕಿನ ಗುರುತು ಒತ್ತಿ ಹಿಡಿದು, ಗಂಟ್ಲು ಸರಿ ಮಾಡ್ಕಂಡ್ರು.

"ನಾನು ಶಾಮಿಯಾನದ ಮುಬಷೀರ್. ಬೆಳಿಗ್ಗೆ ಚಂದ್ರಿಕಾ ಕೇಳ್ದಾಗ ಪಂಚರ್ ಅಂದೆ. ಸುಳ್ಳು. ನಾಕ್ ಚಕ್ರನೂ ಸರ್ಯಾಗಿದ್ವು. ಆನೆಗೆ ಹೆದ್ರಿದ್ದು ನಿಜ. ಹಾಡಿಯೋರು ತಾನೆ, ಯಾರ್ ಕೇಳ್ತಾರೆ ಅಂತ ಫೋನ್ ಆಫ್ ಮಾಡಿದ್ದೂ ನಿಜ. ಮೇಡಂ, ನೀವು ಬರ್ಕಂಡಿದ್ರೆ ಅದ್ನ ಹೊಡ್ದಾಕಿ ಇದ್ನ ಬರ್ಕಳಿ."

ಅಷ್ಟು ಹೇಳಿ ಬೆರಳು ತೆಗೆದ್ರು.